250 ಜಿಎಸ್‌ಎಂ ಕಾರ್ಡ್ ಮನೆಯ ಪ್ರಿಂಟರ್‌ನಲ್ಲಿ ಏಕೆ ಸಿಕ್ಕಿಕೊಳ್ಳುತ್ತದೆ: ದೋಷ ಹುಡುಕುವ ಕ್ರಮ

80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ಕಾಗದವನ್ನು ದಿನವಿಡೀ ಸರಾಗವಾಗಿ ಮುದ್ರಿಸುವ ಪ್ರಿಂಟರ್‌ಗೆ, ಗೃಹಪ್ರವೇಶದ ಕರೆಯೋಲೆಗೆಂದು ತಂದ 250 ಜಿಎಸ್‌ಎಂ ಕಾರ್ಡ್ ಹಾಕಿದ ತಕ್ಷಣ ಗರಗರ ಸದ್ದು, ಆಮೇಲೆ ಕೆಂಪು ದೀಪ. ಇಂಥ ಹೊತ್ತಿನಲ್ಲಿ ಬಹುಪಾಲು ಯಾವ ಬಿಡಿಭಾಗವೂ ಕೆಟ್ಟಿರುವುದಿಲ್ಲ. ಒಂದೋ ಕಾರ್ಡ್ ಹೋಗುವ ದಾರಿ ಅದಕ್ಕೆ ತಾಳಲಾರದಷ್ಟು ತಿರುವಿನದಾಗಿರುತ್ತದೆ, ಇಲ್ಲವೇ ದಪ್ಪ ಕಾಗದ ಬಂದಿದೆ ಎಂಬ ಸುದ್ದಿಯನ್ನು ಪ್ರಿಂಟರ್‌ಗೆ ಯಾರೂ ಹೇಳಿರುವುದಿಲ್ಲ. ಈ ಎರಡನ್ನೂ ನೋಡಿದ ಮೇಲೆಯೇ ರೋಲರ್ ಸವೆದಿದೆಯೋ ಎಂದು ಅನುಮಾನಿಸಬೇಕು.

ಎಳೆಯುವ ಮುಂಚೆ ನೋಡಿ

ಜಾಮ್ ಆದ ಕೂಡಲೇ ಕಾರ್ಡ್ ಹಿಡಿದು ಎಳೆದರೆ ಮುಖ್ಯ ಸಾಕ್ಷಿಯೇ ಅಳಿಸಿಹೋಗುತ್ತದೆ. ಮೊದಲು ಮುಚ್ಚಳ ತೆಗೆದು ಕಾರ್ಡಿನ ಮುಂದಿನ ಅಂಚು ಎಲ್ಲಿ ನಿಂತಿದೆ ನೋಡಿ, ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ. ಟ್ರೇ ಬಿಟ್ಟು ಕದಲದಿದ್ದರೆ ದೋಷ ಎತ್ತಿಕೊಳ್ಳುವ ರೋಲರ್‌ನ ಬಳಿ. ಅರ್ಧ ದಾರಿಯಲ್ಲಿ ನಿಂತು ಮುಂದಿನ ಅಂಚು ಸುಕ್ಕುಗಟ್ಟಿದ್ದರೆ ತಿರುವಿನಲ್ಲಿ. ಮುದ್ರಣವಾಗಿ, ಹೊರಬರುವ ಹಂತದಲ್ಲಿ ಸಿಕ್ಕಿದ್ದರೆ ಹೊರದಾರಿಯಲ್ಲಿ, ಲೇಸರ್ ಆದರೆ ಶಾಖದಿಂದ ಮುದ್ರಣವನ್ನು ಕಾಗದಕ್ಕೆ ಕಚ್ಚಿಸುವ ಫ್ಯೂಸರ್‌ನ ಆಚೆ. ಮೂರಕ್ಕೂ ಮದ್ದು ಬೇರೆ ಬೇರೆ.

ಆಮೇಲೆ ಪವರ್ ಆಫ್ ಮಾಡಿ, ಪ್ಲಗ್ ತೆಗೆದು, ಎರಡೂ ಕೈಯಲ್ಲಿ ಹಿಡಿದು ಕಾಗದ ಸಾಗುವ ದಿಕ್ಕಿಗೇ ನಿಧಾನವಾಗಿ ಎಳೆಯಿರಿ. ಲೇಸರ್ ಪ್ರಿಂಟರ್‌ನ ಫ್ಯೂಸರ್ ಹೆಚ್ಚುಕಡಿಮೆ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿರುತ್ತದೆ, ಅರ್ಧ ಗಂಟೆ ಆರಲು ಬಿಡಿ. ಕಾರ್ಡ್ ಹರಿದು ಬಂದರೆ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ಪೂರ್ತಿ ಹಾಳೆ ಆಗುತ್ತದೆಯೇ ನೋಡಿ. ಉಗುರಿನಷ್ಟು ಚೂರು ಒಳಗೆ ಉಳಿದರೂ ಸೆನ್ಸರ್‌ಗೆ ಅಡ್ಡವಾಗಿ ಕುಳಿತು, ಖಾಲಿ ಪ್ರಿಂಟರ್ ಕೂಡ ಜಾಮ್ ಎಂದೇ ಹೇಳುತ್ತಿರುತ್ತದೆ.

ಕಾರ್ಡಿನ ನಿಜವಾದ ತೂಕ

ಅಂಗಡಿಯವರು ಹೇಳಿದ ಜಿಎಸ್‌ಎಂ ಮೇಲೆ ಭರವಸೆ ಇಡಬೇಕಿಲ್ಲ. ಎ4 ಅಳತೆಯ 16 ಹಾಳೆ ಸೇರಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್. ಹಾಗಾಗಿ 16 ಹಾಳೆಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟರೆ ಗ್ರಾಂನಲ್ಲಿ ಬಂದ ಸಂಖ್ಯೆಯೇ ಜಿಎಸ್‌ಎಂ. ನಾಲ್ಕೇ ಹಾಳೆ ಇದ್ದರೆ ಬಂದದ್ದನ್ನು 4ರಿಂದ ಗುಣಿಸಿ. 4 ಹಾಳೆ 75 ಗ್ರಾಂ ತೂಗಿದರೆ ನಿಮ್ಮ ಕೈಯಲ್ಲಿರುವುದು 300 ಜಿಎಸ್‌ಎಂ, ಚೀಟಿಯ ಮೇಲೆ 250 ಎಂದು ಬರೆದಿದ್ದರೂ ಸರಿ.

ತೂಕದಷ್ಟೇ ಮುಖ್ಯವಾದದ್ದು ದಪ್ಪ. 10 ಹಾಳೆ ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆದು ಹತ್ತರಿಂದ ಭಾಗಿಸಿ. ಒತ್ತಿ ನಯ ಮಾಡಿದ 300 ಜಿಎಸ್‌ಎಂ ಆರ್ಟ್ ಕಾರ್ಡ್ ಸುಮಾರು 0.3 ಮಿ.ಮೀ. ಇದ್ದರೆ, ಅದೇ ತೂಕದ ಉಬ್ಬಿದ ಬೋರ್ಡ್ 0.4 ಮಿ.ಮೀ. ದಾಟುವುದುಂಟು. ಪ್ರಿಂಟರ್‌ನ ಒಳಗಿನ ಸಂದಿಗೆ ಜಿಎಸ್‌ಎಂ ಗೊತ್ತಿಲ್ಲ, ದಪ್ಪ ಮತ್ತು ಬಿಗಿ ಮಾತ್ರ ಗೊತ್ತು. ಒಂದು 300 ಸಲೀಸಾಗಿ ಹೋಗಿ ಇನ್ನೊಂದು 300 ಸಿಕ್ಕಿಕೊಳ್ಳುವುದು ಇದರಿಂದಲೇ.

ಅಮೆರಿಕದಲ್ಲಿ ಕಾರ್ಡ್ ಕೊಳ್ಳುವವರಿಗೆ ಒಂದು ಎಚ್ಚರ: ಅಲ್ಲಿನ ಪೌಂಡ್ ಲೆಕ್ಕ ಕಾಗದದ ಜಾತಿಯ ಮೇಲೆ ಬದಲಾಗುತ್ತದೆ. 65 ಪೌಂಡ್ ಕವರ್ ಎಂದರೆ 176 ಜಿಎಸ್‌ಎಂ, 80 ಪೌಂಡ್ ಕವರ್ 216, 110 ಪೌಂಡ್ ಕವರ್ 298. ಆದರೆ 110 ಪೌಂಡ್ ಇಂಡೆಕ್ಸ್ ಬರೀ 199. ಪೊಟ್ಟಣದ ಮೇಲೆ ಜಿಎಸ್‌ಎಂ ಹುಡುಕಿ, ಪೌಂಡ್ ಮರೆತುಬಿಡಿ.

ಎತ್ತಿಕೊಳ್ಳುವುದೇ ಇಲ್ಲ

ರೋಲರ್ ತಿರುಗುತ್ತದೆ, ಕಾರ್ಡ್ ಅಲ್ಲೇ ಇರುತ್ತದೆ, ಕೊನೆಗೆ ಕಾಗದ ಮುಗಿದಿದೆ ಎಂಬ ಸಂದೇಶ. ಮೊದಲು ಟ್ರೇಯಲ್ಲಿರುವ ಕಾರ್ಡ್ ಎಣಿಸಿ. ಸಾದಾ ಕಾಗದ 100 ಹಿಡಿಯುವ ಹಿಂಬದಿ ಟ್ರೇಗೆ ದಪ್ಪ ಕಾರ್ಡ್ 20 ತುಂಬಿದರೂ ರೋಲರ್‌ಗೆ ಅದು ಗೋಡೆ. ಒಂದೇ ಹಾಕಿ ನೋಡಿ, ಹೋದರೆ ಐದಕ್ಕೆ ಏರಿಸಿ. 250 ಜಿಎಸ್‌ಎಂ ಮೇಲ್ಪಟ್ಟರೆ ಒಂದೊಂದೇ ಹಾಕುವುದು ನಿಧಾನವಾದರೂ ಒಟ್ಟಾರೆ ಬೇಗ ಮುಗಿಯುತ್ತದೆ.

ಅಕ್ಕಪಕ್ಕದ ಗೈಡ್‌ಗಳನ್ನು ಕಾರ್ಡಿಗೆ ಒತ್ತಿ ಕೂರಿಸಬೇಡಿ. ತಾಗಿಯೂ ತಾಗದಂತೆ, ಕಾರ್ಡ್ ತನ್ನ ಭಾರಕ್ಕೆ ತಾನೇ ಜಾರುವಷ್ಟು ಸಡಿಲ ಬೇಕು. ಅತಿ ಸಡಿಲವಾದರೆ ಸೊಟ್ಟ ಹೋಗುತ್ತದೆ, ಅಕ್ಷರಗಳ ಸಾಲು ಒಂದು ಬದಿಗೆ ವಾಲುತ್ತದೆ. ಕತ್ತರಿ ಯಂತ್ರದಲ್ಲಿ ಕತ್ತರಿಸಿದ ಕಾರ್ಡ್‌ಗಳ ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಬಿರುಸು ಇರುತ್ತದೆ. ಕಟ್ಟನ್ನು ಬಾಗಿಸಿ ಬೀಸಿ ಬಿಡಿಸದಿದ್ದರೆ ಒಂದೋ ಬರುವುದಿಲ್ಲ, ಇಲ್ಲ ಎರಡು ಒಟ್ಟಿಗೆ ಬರುತ್ತವೆ.

ಇಷ್ಟಾದರೂ ಜಾರಿದರೆ ರೋಲರ್ ಒರೆಸುವ ಸರದಿ. ಕಾಗದದ ಧೂಳು ಕುಳಿತು ರಬ್ಬರ್ ಮೇಲ್ಮೈ ಹೊಳಪು ಹಿಡಿದಿರುತ್ತದೆ. 80 ಜಿಎಸ್‌ಎಂ ಹಾಳೆ ಹಗುರ, ಹೇಗೋ ಬರುತ್ತದೆ. ಭಾರದ ಕಾರ್ಡಿಗೆ ಆ ಹಿಡಿತ ಸಾಲದು. ಪ್ಲಗ್ ತೆಗೆದು, ನೂಲು ಬಿಡದ ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ರೋಲರನ್ನು ಕೈಯಿಂದ ತಿರುಗಿಸುತ್ತ ಸುತ್ತಲೂ ಒರೆಸಿ, ಅದರ ಎದುರಿಗಿರುವ ಸೆಪರೇಶನ್ ಪ್ಯಾಡನ್ನೂ (ಹಾಳೆಗಳನ್ನು ಒಂದೊಂದಾಗಿ ಬಿಡಿಸುವ ತುಂಡು) ಒರೆಸಿ, 10 ನಿಮಿಷ ಒಣಗಲು ಬಿಡಿ. ಥಿನ್ನರ್, ಪೆಟ್ರೋಲ್ ಹತ್ತಿರ ಸುಳಿಯಬಾರದು, ರಬ್ಬರ್ ಉಬ್ಬಿ ಬಿರುಕು ಬಿಡುತ್ತದೆ. ಉಪ್ಪುಕಾಗದ ಉಜ್ಜುವ ಉಪಾಯ ಕೆಲವು ದಿನ ನಡೆಯುತ್ತದೆ, ಆಮೇಲೆ ರೋಲರ್ ಸಣ್ಣದಾಗಿ ಮೊದಲಿಗಿಂತ ಹೆಚ್ಚು ಜಾರುತ್ತದೆ. ಒರೆಸಿದ ಮೇಲೂ ಸಾದಾ ಕಾಗದವೇ ಆಗಾಗ ತಪ್ಪುತ್ತಿದ್ದರೆ ಮಾತ್ರ ರೋಲರ್ ಮತ್ತು ಪ್ಯಾಡ್ ಎರಡನ್ನೂ ಒಟ್ಟಿಗೆ ಬದಲಿಸಿ.

ತಿರುವಿನಲ್ಲಿ ನಿಲ್ಲುತ್ತದೆ

ಮುಂದೆ ಕೆಳಗಿನ ಟ್ರೇಯಲ್ಲಿ ಕಾಗದ ಹಾಕಿ, ಮುಂದೆಯೇ ಮೇಲಿನಿಂದ ಹೊರಬರುವ ಪ್ರಿಂಟರ್ ಎಂದರೆ ಹಾಳೆ ಒಳಗೆ ಯು ಆಕಾರದಲ್ಲಿ ಪೂರ್ತಿ ತಿರುಗುತ್ತದೆ ಎಂದರ್ಥ. ಅಲ್ಲಿ 200 ಜಿಎಸ್‌ಎಂ ಮೇಲಿನ ಕಾರ್ಡ್ ಸಿಕ್ಕಿಕೊಳ್ಳುವುದು ದೋಷವಲ್ಲ, ಅದರ ಸ್ವಭಾವ. ಹಿಂಬದಿಯಲ್ಲಿ ನೆಟ್ಟಗೆ ನಿಲ್ಲಿಸಿ ಹಾಕುವ ಟ್ರೇ ಇದ್ದರೆ ಕಾರ್ಡನ್ನು ಅಲ್ಲಿಂದಲೇ ಹಾಕಿ, ಮತ್ತು ಮುದ್ರಿಸುವಾಗ ಡ್ರೈವರ್‌ನಲ್ಲಿ (ಪ್ರಿಂಟರ್ ನಡೆಸುವ ಕಂಪ್ಯೂಟರ್ ತಂತ್ರಾಂಶ) ಆ ಟ್ರೇಯನ್ನೇ ಆರಿಸಿ. ಲೇಸರ್‌ಗಳಲ್ಲಿ ಮುಂಭಾಗದ ಕೈ ಸ್ಲಾಟ್ (ಕೈಯಿಂದ ಒಂದೊಂದೇ ಹಾಳೆ ಹಾಕುವ ಸಂದಿ) ಬಳಸಿ, ಹಿಂಬಾಗಿಲು ಇದ್ದರೆ ತೆರೆದಿಡಿ. ಬ್ರದರ್‌ನ ಹಲವು ಚಿಕ್ಕ ಲೇಸರ್‌ಗಳಲ್ಲಿ ಹಿಂಬಾಗಿಲು ತೆರೆದರೆ ಕಾರ್ಡ್ ಮೇಲಕ್ಕೆ ತಿರುಗದೆ, ಮುದ್ರಿತ ಮುಖ ಮೇಲಾಗಿ ನೇರ ಹಿಂದಕ್ಕೆ ಹೊರಬರುತ್ತದೆ. ಹೊರದಾರಿಯ ಜಾಮ್ ಮತ್ತು ಕಾರ್ಡ್ ಬಾಗಿ ಬರುವುದು, ಎರಡೂ ಇದೊಂದರಿಂದ ತೀರಬಹುದು.

ಸ್ವಯಂ ಎರಡು ಬದಿ ಮುದ್ರಣ ಆನ್ ಆಗಿದೆಯೇ ನೋಡಿ. ಡ್ಯುಪ್ಲೆಕ್ಸ್ ದಾರಿ ಸಾದಾ ಕಾಗದಕ್ಕೆಂದೇ ಇರುವುದು, ಸಾಮಾನ್ಯವಾಗಿ 105 ಜಿಎಸ್‌ಎಂ ಒಳಗೆ. ಮೊದಲ ಬದಿ ಚೆನ್ನಾಗಿ ಬಂದು, ಕಾರ್ಡ್ ಮತ್ತೆ ಒಳಗೆ ಹೋಗುವಾಗ ಸಿಕ್ಕಿದರೆ ಕಾರಣ ಇದೇ. ಆಫ್ ಮಾಡಿ, ಒಂದು ಬದಿ ಮುಗಿಸಿ, ಕೈಯಲ್ಲಿ ತಿರುಗಿಸಿ ಹಾಕಿ.

ದಾರಿ ಬದಲಿಸುವ ಅವಕಾಶವೇ ಇಲ್ಲದಿದ್ದರೆ ಉಳಿದಿರುವ ಉಪಾಯ ಗ್ರೇನ್, ಅಂದರೆ ನಾರಿನ ದಿಕ್ಕು. ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಬಿದಿರುಕಡ್ಡಿಯ ಪರದೆಯನ್ನು ಒಂದೇ ದಿಕ್ಕಿಗೆ ಸುತ್ತಲು ಆಗುವುದಲ್ಲವೇ, ಕಾರ್ಡೂ ಹಾಗೆಯೇ: ಕಡ್ಡಿಗಳು ರೋಲರ್‌ಗೆ ಸಮಾನಾಂತರವಾಗಿದ್ದರೆ ತಿರುವಿನಲ್ಲಿ ಮೆತ್ತಗೆ ಬಾಗುತ್ತದೆ, ಅಡ್ಡವಾಗಿದ್ದರೆ ಸೆಟೆದು ನಿಲ್ಲುತ್ತದೆ. ಪರೀಕ್ಷೆ ಸುಲಭ. ಕಾರ್ಡನ್ನು ಮಡಿಸದೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಾಗಿಸಿ. ಯಾವ ಕಡೆಗೆ ಕಡಿಮೆ ಬಲ ಸಾಕೋ ಆ ಬಾಗಿನ ಗೆರೆಯೇ ನಾರಿನ ದಿಕ್ಕು. ಎ4 ಹಾಳೆ ಉದ್ದುದ್ದ ಹೋಗುವ ಪ್ರಿಂಟರ್‌ಗೆ ನಾರು ಹಾಳೆಯ ಅಗಲಕ್ಕೆ ಇರಬೇಕು. ಸುಲ್ತಾನ್‌ಪೇಟೆ, ಚಿಕ್ಕಪೇಟೆ ಕಡೆಯ ಪೇಪರ್ ಅಂಗಡಿಗಳಲ್ಲಿ ದೊಡ್ಡ ಹಾಳೆ ತೆಗೆದುಕೊಂಡು ಎ4 ಕತ್ತರಿಸಿಸುವವರು ಇದನ್ನು ಮೊದಲೇ ಹೇಳಿದರೆ ಆಯಿತು. ಕತ್ತರಿಸಿದ ಮೇಲೆ ಹೇಳಿ ಪ್ರಯೋಜನವಿಲ್ಲ. 5×7 ಇಂಚಿನಂಥ ಚಿಕ್ಕ ಕಾರ್ಡ್ ಆದರೆ ತಿರುಗಿಸಿ ಹಾಕಿ ನೋಡಬಹುದು, ಪುಟದ ದಿಕ್ಕನ್ನೂ ಜೊತೆಗೆ ಬದಲಿಸಿ.

ಲೇಸರ್: ಮುದ್ರಣ ಉಜ್ಜಿದರೆ ಉದುರುತ್ತದೆ

ಕಾರ್ಡ್ ಜಾಮ್ ಇಲ್ಲದೆ ಬಂತು, ಅಕ್ಷರ ಕಪ್ಪಗೆ ಹೊಳೆಯುತ್ತಿದೆ, ಹೆಬ್ಬೆರಳಿನಲ್ಲಿ ಉಜ್ಜಿದರೆ ಪುಡಿ. ಟೋನರ್ ಎಂದರೆ ಪ್ಲಾಸ್ಟಿಕ್ ಪುಡಿ. ಅದು ಕರಗಿ ಕಾಗದಕ್ಕೆ ಕಚ್ಚಿಕೊಳ್ಳಲು ಫ್ಯೂಸರ್‌ನ ಶಾಖ ಬೇಕು. ದಪ್ಪ ಕಾರ್ಡ್ ಆ ಶಾಖದ ಬಹುಪಾಲನ್ನು ತಾನೇ ಹೀರಿಕೊಳ್ಳುತ್ತದೆ, ಸಾದಾ ಕಾಗದದ ವೇಗದಲ್ಲಿ ಓಡಿದರೆ ಟೋನರ್ ಅರೆಬೆಂದು ಉಳಿಯುತ್ತದೆ. ಹೊಸ ಟೋನರ್ ಹಾಕಿಸಿದರೆ ಇದು ಸರಿಹೋಗುವುದಿಲ್ಲ. ಈ ಒಂದು ತಪ್ಪು ಊಹೆಯಿಂದ ಬಹಳ ದುಡ್ಡು ಪೋಲಾಗುತ್ತದೆ.

ಡ್ರೈವರ್‌ನಲ್ಲಿ ಕಾಗದದ ಬಗೆ ಬದಲಿಸಿ. ಎಚ್‌ಪಿಯ ಅನೇಕ ಲೇಸರ್‌ಗಳಲ್ಲಿ ಹೆವಿ ಎಂದರೆ 111–130 ಜಿಎಸ್‌ಎಂ, ಎಕ್ಸ್‌ಟ್ರಾ ಹೆವಿ 131–175, ಕಾರ್ಡ್‌ಸ್ಟಾಕ್ 176–220. ಬ್ರದರ್‌ನಲ್ಲಿ ಥಿಕ್, ಥಿಕ್ಕರ್ ಎಂಬ ಎರಡು ಮೆಟ್ಟಿಲು. ಇದನ್ನು ಆರಿಸಿದಾಗ ಪ್ರಿಂಟರ್ ನಿಧಾನವಾಗುವುದು, ಎರಡು ಹಾಳೆಯ ನಡುವೆ ಸುಮ್ಮನೆ ನಿಲ್ಲುವುದು ಸಹಜ, ಶಾಖ ಹಿಡಿಯಲು ಅದಕ್ಕೆ ಹೊತ್ತು ಬೇಕು. ಸೆಟ್ಟಿಂಗ್ ಬದಲಿಸಿದ ಮೇಲೂ ವೇಗ ಮೊದಲಿನಂತೆಯೇ ಇದ್ದರೆ ಆ ಆಜ್ಞೆ ಪ್ರಿಂಟರ್‌ಗೆ ಮುಟ್ಟಿಲ್ಲ. ಮೊಬೈಲ್‌ನಿಂದ ಮುದ್ರಿಸುವಾಗ ಹೀಗಾಗುವುದು ಹೆಚ್ಚು. ಕಂಪ್ಯೂಟರ್‌ನಲ್ಲಿ ಕಂಪನಿಯ ಸ್ವಂತ ಡ್ರೈವರ್ ಹಾಕಿ ಅಲ್ಲಿಂದ ಮುದ್ರಿಸಿ. ಬೆಳಗಿನ ಮೊದಲ ಕಾರ್ಡ್ ಮಾತ್ರ ಉದುರುತ್ತಿದ್ದರೆ ಸಾದಾ ಕಾಗದದ ಐದಾರು ಪುಟ ಓಡಿಸಿ ಫ್ಯೂಸರ್ ಬಿಸಿ ಮಾಡಿಕೊಂಡು ಆಮೇಲೆ ಕಾರ್ಡ್ ಹಾಕಿ. ಕಾರ್ಡ್ ಒಂದು ನಿಮಿಷ ಆರಿದ ಮೇಲೆ ಉಜ್ಜಿ ನೋಡಿ, ಬಿಸಿಯಲ್ಲಿ ಉಜ್ಜಿದರೆ ಸರಿಯಾದ ಮುದ್ರಣವೂ ಕದಡಬಹುದು.

ಕೆನಾನ್ ಎಲ್‌ಬಿಪಿ2900, ಎಚ್‌ಪಿ ಲೇಸರ್‌ಜೆಟ್ 1020ರಂಥ ಹಳೆಯ ಯಂತ್ರಗಳಿಗೆ ಕಂಪನಿ ಹೇಳಿದ ಗರಿಷ್ಠ ಮಿತಿಯೇ 163 ಜಿಎಸ್‌ಎಂ. ಅವುಗಳಲ್ಲಿ 250 ದಾಟಿಸುವವರೂ ಇದ್ದಾರೆ, ಆದರೆ ಮುದ್ರಣ ಉದುರಿದರೆ ಅದಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ. ಬಟ್ಟೆಯ ನೇಯ್ಗೆಯಂಥ ಗೀರು ಇರುವ ಕಾರ್ಡ್, ಕೈಕಾಗದ, ಇವುಗಳ ತಗ್ಗಿನಲ್ಲಿ ಟೋನರ್ ಸರಿಯಾಗಿ ಕೂರುವುದೇ ಇಲ್ಲ. ದೊಡ್ಡ ಬಣ್ಣದ ಪಟ್ಟೆ ಬಿಟ್ಟು ಬರೀ ಅಕ್ಷರ ಇಡಿ.

ಲೇಸರ್‌ನೊಳಗೆ ಹೋಗಲೇಬಾರದವು ಮೂರು. ಇಂಕ್‌ಜೆಟ್‌ಗೆಂದು ಮಾರುವ ಹೊಳಪಿನ ಫೋಟೊ ಕಾಗದ: ಅದರ ಲೇಪ ಕರಗಿ ಫ್ಯೂಸರ್‌ಗೆ ಮೆತ್ತಿಕೊಳ್ಳುತ್ತದೆ. ಜರಿಪುಡಿ ಅಥವಾ ಪ್ಲಾಸ್ಟಿಕ್ ಪದರ ಅಂಟಿಸಿದ ಕಾರ್ಡ್. ಮೂರನೆಯದು ಹಲವರ ಗಮನಕ್ಕೆ ಬಾರದ್ದು, ಗಣಪತಿಯ ಚಿತ್ರವನ್ನೋ ಅಂಚನ್ನೋ ಉಬ್ಬು ಮುದ್ರಣದಲ್ಲಿ ಮೊದಲೇ ಅಚ್ಚು ಮಾಡಿದ ಖಾಲಿ ಮದುವೆ ಪತ್ರಿಕೆ. ಆ ಉಬ್ಬು ಬಹಳಷ್ಟು ಸಲ ಶಾಖದಿಂದ ಉಬ್ಬಿಸಿದ ರಾಳದ ಪುಡಿ. ಫ್ಯೂಸರ್‌ನಲ್ಲಿ ಮತ್ತೆ ಕರಗಿ ರೋಲರ್‌ಗೆ ಹತ್ತುತ್ತದೆ, ಮುಂದಿನ ಪ್ರತಿ ಹಾಳೆಯಲ್ಲೂ ಕಲೆ ಮೂಡುತ್ತದೆ. ಉಗುರಿಗೆ ಉಬ್ಬು ತಾಕಿದರೆ ಆ ಪತ್ರಿಕೆ ಇಂಕ್‌ಜೆಟ್‌ಗೇ ಸರಿ.

ಇಂಕ್‌ಜೆಟ್: ಅಂಚಿನಲ್ಲಿ ಮಸಿ, ನಡುವೆ ಒಣಗದ ಬಣ್ಣ

ಇಂಕ್ ಚಿಮ್ಮಿಸುವ ಹೆಡ್‌ಗೂ ಕಾಗದಕ್ಕೂ ನಡುವಿನ ಅಂತರ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚಿರುವುದಿಲ್ಲ. ಕಾರ್ಡಿನ ಮೂಲೆ ಸ್ವಲ್ಪ ಮೇಲೆದ್ದಿದ್ದರೂ ಹೆಡ್ ಅದಕ್ಕೆ ತಾಗಿ ಮಸಿ ಬಳಿಯುತ್ತದೆ, ಕೆಲವೊಮ್ಮೆ ಟಕ್ ಎಂಬ ಸದ್ದೂ ಕೇಳುತ್ತದೆ. ಆ ಸದ್ದನ್ನು ಅಲಕ್ಷಿಸಬೇಡಿ, ಹೆಡ್ ಹಾಳಾದರೆ ರಿಪೇರಿ ದುಬಾರಿ. ಕಾರ್ಡನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆ 3 ಮಿ.ಮೀ.ಗಿಂತ ಹೆಚ್ಚು ಎದ್ದಿದ್ದರೆ ವಿರುದ್ಧ ದಿಕ್ಕಿಗೆ ಮೆಲ್ಲಗೆ ಸುತ್ತಿ ಸಮ ಮಾಡಿ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಕಟ್ಟು ಒಡೆದಿಟ್ಟ ಕಾರ್ಡ್ ರಾತ್ರಿ ಬೆಳಗಾಗುವುದರೊಳಗೆ ತೇವ ಕುಡಿದು ಬಾಗುತ್ತದೆ. ಬೇಕಾದಷ್ಟನ್ನೇ ತೆಗೆದು ಉಳಿದದ್ದನ್ನು ಜಿಪ್ ಚೀಲದಲ್ಲಿ, ಮೇಲೊಂದು ಭಾರವಿಟ್ಟು ಮಲಗಿಸಿಡಿ. ನಿಲ್ಲಿಸಿ ಇಡಬೇಡಿ.

ಅಂತರವನ್ನು ಹೆಚ್ಚಿಸುವ ಸೆಟ್ಟಿಂಗ್ ಕೂಡ ಇದೆ, ಹುಡುಕಬೇಕಷ್ಟೆ. ಎಪ್ಸನ್‌ನ ಹಲವು ಡ್ರೈವರ್‌ಗಳಲ್ಲಿ ಮೇಂಟೆನೆನ್ಸ್ ಟ್ಯಾಬ್‌ನ ಎಕ್ಸ್‌ಟೆಂಡೆಡ್ ಸೆಟ್ಟಿಂಗ್ಸ್ ಒಳಗೆ ಥಿಕ್ ಪೇಪರ್ ಎಂಬ ಆಯ್ಕೆ. ಕೆನಾನ್‌ನಲ್ಲಿ ಪ್ರಿವೆಂಟ್ ಪೇಪರ್ ಅಬ್ರೇಶನ್. ಕೆಲಸ ಮುಗಿದ ಮೇಲೆ ಆಫ್ ಮಾಡಲು ಮರೆಯಬೇಡಿ. ಮರೆತರೆ ಸಾದಾ ಕಾಗದದ ಮುದ್ರಣ ಮಸುಕಾಗಿ, ಹೆಡ್ ಕೆಟ್ಟಿತೆಂಬ ಇನ್ನೊಂದು ಸುಳ್ಳು ಗಾಬರಿ ಶುರುವಾಗುತ್ತದೆ.

ಬಣ್ಣ ಗಂಟೆಗಳಾದರೂ ಒಣಗದೆ ಬೆರಳಿಗೆ ಅಂಟಿದರೆ ದೋಷ ಪ್ರಿಂಟರ್‌ನದಲ್ಲ. ಆಫ್‌ಸೆಟ್ ಮುದ್ರಣಕ್ಕೆಂದು ಬರುವ ಹೊಳಪಿನ ಆರ್ಟ್ ಕಾರ್ಡ್‌ಗೆ ನೀರಿನ ಇಂಕ್ ಹೀರುವ ಲೇಪವಿಲ್ಲ, ಬಣ್ಣ ಕೆಸುವಿನ ಎಲೆಯ ಮೇಲಿನ ನೀರಿನಂತೆ ಮೇಲೆಯೇ ನಿಲ್ಲುತ್ತದೆ. ಕಾರ್ಡ್ ಬದಲಿಸುವುದೊಂದೇ ದಾರಿ: ಹೊಳಪಿಲ್ಲದ ಸಾದಾ ಕಾರ್ಡ್, ಅಥವಾ ಇಂಕ್‌ಜೆಟ್ ಮ್ಯಾಟ್ ಎಂದೇ ಬರೆದಿರುವುದು. ಹೊಳಪಿಲ್ಲದ ಕಾರ್ಡಿನಲ್ಲಿ ಬಣ್ಣ ಹರಡಿ ಅಕ್ಷರ ಮೀಸೆ ಬಿಟ್ಟಂತೆ ಕಂಡರೆ ಮುದ್ರಣದ ಗುಣಮಟ್ಟವನ್ನು ಹೈನಿಂದ ಸ್ಟ್ಯಾಂಡರ್ಡ್‌ಗೆ ಇಳಿಸಿ, ಇಂಕ್ ಕಡಿಮೆ ಬೀಳುತ್ತದೆ.

ಕಪ್ಪು ಅಕ್ಷರ ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಕಾಗದದ ಬಗೆ ನೋಡಿ. ಕಪ್ಪಿಗೆ ಪಿಗ್ಮೆಂಟ್ (ಕರಗದ ಕಣಗಳ ಇಂಕ್), ಬಣ್ಣಗಳಿಗೆ ಡೈ (ಕರಗಿದ ಬಣ್ಣದ ಇಂಕ್) ಇರುವ ನಾಲ್ಕು ಬಣ್ಣದ ಯಂತ್ರಗಳು ಫೋಟೊ ಕಾಗದ ಎಂದಾಗ ಕಪ್ಪು ಟ್ಯಾಂಕನ್ನು ಮುಟ್ಟದೆ ಮೂರು ಬಣ್ಣ ಬೆರೆಸಿ ಕಪ್ಪು ಮಾಡುವುದುಂಟು. ಬರೀ ಅಕ್ಷರದ ಕಾರ್ಡಿಗೆ ಸಾದಾ ಕಾಗದ ಎಂದು ಹೇಳಿ, ಅಂತರದ ಸೆಟ್ಟಿಂಗ್ ಮಾತ್ರ ಆನ್ ಇಟ್ಟರೆ ಕಪ್ಪು ಗಟ್ಟಿಯಾಗಿ ಬರುತ್ತದೆ.

ಕಾರ್ಡಿನ ಕೊನೆಯ 3 ಸೆಂ.ಮೀ.ನಲ್ಲಿ ಒಂದು ಅಡ್ಡಗೆರೆ ಅಥವಾ ಅಕ್ಷರ ಜಿಗಿದಂತೆ ಕಂಡರೆ, ಹಿಂದಿನ ಅಂಚು ಮುಖ್ಯ ರೋಲರ್‌ನಿಂದ ಬಿಡಿಸಿಕೊಳ್ಳುವ ಕ್ಷಣದಲ್ಲಿ ಬಿಗಿಯಾದ ಕಾರ್ಡ್ ಕುಪ್ಪಳಿಸಿದೆ. ಇದನ್ನು ಪೂರ್ತಿ ನಿಲ್ಲಿಸುವುದು ಕಷ್ಟ, ತಪ್ಪಿಸಿಕೊಳ್ಳುವುದು ಸುಲಭ. ವಿಸಿಟಿಂಗ್ ಕಾರ್ಡ್ 3.5×2 ಇಂಚು ಎಂದರೆ ಸುಮಾರು 89×51 ಮಿ.ಮೀ. ಎ4ನಲ್ಲಿ ಎರಡು ಸಾಲು, ಐದೈದರಂತೆ 10 ಕಾರ್ಡ್ ಕೂರಿಸಿದರೆ 255 ಮಿ.ಮೀ. ಎತ್ತರ ಸಾಕು. ಉಳಿದ 42 ಮಿ.ಮೀ.ನಲ್ಲಿ ಮೇಲೆ 12, ಕೆಳಗೆ 30 ಬಿಡಿ. ಕತ್ತರಿಸಿದ ಬಿಡಿ ವಿಸಿಟಿಂಗ್ ಕಾರ್ಡನ್ನೇ ಟ್ರೇಗೆ ಹಾಕುವ ಸಾಹಸ ಬೇಡ. ರೋಲರ್‌ಗಳ ನಡುವಿನ ದೂರಕ್ಕಿಂತ ಕಾರ್ಡ್ ಚಿಕ್ಕದಾದರೆ ಅದನ್ನು ಹಿಡಿದು ಮುಂದೆ ತಳ್ಳುವವರೇ ಇರುವುದಿಲ್ಲ.

ಯಾವುದೂ ಫಲಿಸದೆ ಹೊಸ ಪ್ರಿಂಟರ್ ಕೊಳ್ಳುವುದಾದರೆ

ವಿವರಪಟ್ಟಿಯಲ್ಲಿ 'ಗರಿಷ್ಠ 300 ಜಿಎಸ್‌ಎಂ' ಎಂಬ ಒಂದೇ ಸಾಲು ನೋಡಿ ಮೋಸಹೋಗಬೇಡಿ. ಆ ಸಂಖ್ಯೆ ಯಾವ ಟ್ರೇಗೆ, ಯಾವ ಕಾಗದಕ್ಕೆ ಎಂದು ಕೇಳಿ. ಕೆನಾನ್‌ನ ಜಿ ಸರಣಿಯ ಇಂಕ್ ಟ್ಯಾಂಕ್‌ಗಳಲ್ಲಿ ಸಾದಾ ಕಾಗದಕ್ಕೆ 64–105 ಜಿಎಸ್‌ಎಂ ಎಂದಿರುತ್ತದೆ, ಅದಕ್ಕಿಂತ ಭಾರದ ಅಂಕಿ ಆ ಕಂಪನಿಯದೇ ಫೋಟೊ ಕಾಗದಕ್ಕೆ. ಬ್ರದರ್‌ನ ಕೆಲವು ಲೇಸರ್‌ಗಳಲ್ಲಿ ಟ್ರೇಗೆ 163, ಕೈ ಸ್ಲಾಟ್‌ಗೆ 230. ನಿಜಕ್ಕೂ ದಪ್ಪದ್ದೇ ಬೇಕೆಂದರೆ ಹಿಂದಿನಿಂದ ನೇರ ದಾರಿ ಇರುವ ಎಪ್ಸನ್ ಎಲ್8180 ಬಗೆಯವು 1.3 ಮಿ.ಮೀ. ದಪ್ಪದವರೆಗೆ ತೆಗೆದುಕೊಳ್ಳುತ್ತವೆ, ಕೆನಾನ್ ಪಿಕ್ಸ್ಮಾ ಪ್ರೊ-200ರ ಕೈ ಟ್ರೇ 380 ಜಿಎಸ್‌ಎಂವರೆಗೆ. ಎರಡೂ ಎ3+ (ಎ3ಗಿಂತ ತುಸು ದೊಡ್ಡ ಹಾಳೆಯ) ಯಂತ್ರಗಳು, ಬೆಲೆ ಮನೆಯ ಮಾಮೂಲಿ ಪ್ರಿಂಟರ್‌ನ ಹಲವು ಪಟ್ಟು. ವರ್ಷಕ್ಕೆ ಒಂದು ಸಮಾರಂಭಕ್ಕೆ 200 ಕಾರ್ಡ್ ಬೇಕಾದವರಿಗೆ ಇದು ಲಾಭದ ಮಾತಲ್ಲ, ಡಿಜಿಟಲ್ ಪ್ರೆಸ್ ಅಂಗಡಿಗೆ ಕೊಡುವುದೇ ಅಗ್ಗ. ವಾರವಾರ ಕಾರ್ಡ್, ಟ್ಯಾಗ್, ಪೊಟ್ಟಣ ಮಾಡಿ ಮಾರುವವರಿಗೆ ಮಾತ್ರ ಲೆಕ್ಕ ಕೂಡುತ್ತದೆ.

ಇಂಕ್ ಡೈ ಆದರೆ ಫೋಟೊ ಚೆಂದ, ನೀರು ತಾಗಿದರೆ ಹರಡುತ್ತದೆ. ಮದುವೆ ಪತ್ರಿಕೆಯ ಮೂಲೆಗೆ ಹಸಿ ಅರಿಶಿನ ಹಚ್ಚುವ ಮನೆಗಳಲ್ಲಿ ಮುಹೂರ್ತದ ಸಾಲು ಆ ಮೂಲೆಯ ಹತ್ತಿರ ಇರದಂತೆ ಪುಟ ಕಟ್ಟಿ, ಇಲ್ಲವೇ ಪಿಗ್ಮೆಂಟ್ ಇಂಕ್ ಅಥವಾ ಲೇಸರ್ ಆರಿಸಿ.

ಅಂಗಡಿಗೆ ಹೋಗುವಾಗ ನೀವು ಬಳಸುವ ಕಾರ್ಡನ್ನೇ ಆರು ಹಾಳೆ ಚೀಲದಲ್ಲಿ ಒಯ್ಯಿರಿ. ಒಂದು ಕಾರ್ಡ್ ಓಡಿಸಿ ತೋರಿಸಿದರೆ ಒಪ್ಪಬೇಡಿ, ಒಂದು ಯಾವುದರಲ್ಲೂ ಹೋಗುತ್ತದೆ. ಐದನ್ನು ಒಟ್ಟಿಗೆ ಟ್ರೇಗೆ ಹಾಕಿಸಿ, ನಡುವೆ ಕೈ ಹಚ್ಚದೆ ಐದೂ ನೆಟ್ಟಗೆ ಹೊರಬರುತ್ತವೆಯೇ, ಮುಂದಿನ ಅಂಚಿನಲ್ಲಿ ರೋಲರ್ ಗುರುತು ಬಿದ್ದಿದೆಯೇ ನೋಡಿ. ಆರನೆಯದನ್ನು ಒಂದು ಬದಿ ಮುದ್ರಿಸಿದ ಮೇಲೆ ತಿರುಗಿಸಿ ಮತ್ತೆ ಹಾಕಿಸಿ. ಮೊದಲ ಬದಿಯ ಇಂಕ್‌ನಿಂದ ಬಾಗಿದ ಕಾರ್ಡ್ ಎರಡನೇ ಸಲವೂ ಮಸಿ ಇಲ್ಲದೆ ಬಂದರೆ ಆ ಯಂತ್ರದ ಬೆಲೆ ಕೇಳಬಹುದು.